ಬೆನ್ನಿನ ಮೇಲ್ಭಾಗ ಪದೇ ಪದೇ ಹಿಡಿದುಕೊಳ್ಳುತ್ತಿದ್ದರೆ: ಶಾಖ, ಮಾತ್ರೆ, ಮಾಲೀಶು, ವ್ಯಾಯಾಮಗಳಲ್ಲಿ ಯಾವುದನ್ನು ಆರಿಸಬೇಕು?

ಒದ್ದೆಯಾದ ದೊಡ್ಡ ಬೆಡ್‌ಶೀಟೊಂದನ್ನು ಬಕೆಟ್ಟಿನಿಂದ ಎತ್ತಿ ತಂತಿಯ ಮೇಲೆ ಎಸೆಯುವಾಗ ನನಗೆ ಮೊದಲ ಬಾರಿ ಹಾಗಾಯಿತು. ಬಲ ಭುಜದ ರೆಕ್ಕೆಗೂ ಬೆನ್ನುಮೂಳೆಗೂ ನಡುವೆ ಯಾರೋ ಮುಷ್ಟಿ ಬಿಗಿದಂತಾಗಿ, ಉಸಿರು ಅರ್ಧಕ್ಕೇ ನಿಂತು, ಕತ್ತನ್ನು ಬಲಕ್ಕೆ ತಿರುಗಿಸಲಾಗದೆ, ಬೆಡ್‌ಶೀಟನ್ನು ಹಾಗೆಯೇ ತಂತಿಗೆ ಜೋತುಬಿಟ್ಟು ಒಳಗೆ ಬಂದೆ. ಆ ಸಂಜೆಯೊಳಗೆ ಮೂರು ಉಪಾಯಗಳು ಬಂದವು. ಅತ್ತೆಯವರು ಉಪ್ಪು ಹುರಿಯಲು ಬಾಣಲೆ ಇಟ್ಟರು. ಪಕ್ಕದ ಮನೆಯವರು ಎದುರುಗಾಲಿನಲ್ಲಿ ಹುಟ್ಟಿದವರಿಂದ ಬೆನ್ನು ತುಳಿಸಿಕೊಂಡರೆ ಉಳುಕು ಹೋಗುತ್ತದೆ ಎಂದರು. ಔಷಧದಂಗಡಿಯವರು ಚೀಟಿ ಕೇಳದೆಯೇ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರು. ತುಳಿಸಿಕೊಳ್ಳುವುದನ್ನು ಬಿಟ್ಟು ಉಳಿದೆರಡನ್ನೂ ಮಾಡಿದೆ. ಮೂರು ದಿನಕ್ಕೆ ನೋವು ಹೋಯಿತು. ಏಳು ವಾರಕ್ಕೆ ಮತ್ತೆ ಬಂತು. ಆ ವರ್ಷದಲ್ಲಿ ಒಟ್ಟು ಐದು ಬಾರಿ ಬಂತು.

ಹೀಗೆ ಮರಳಿ ಮರಳಿ ಬರುವ ಹಿಡಿತದಿಂದ ಬೇಸತ್ತವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಫಿಸಿಯೊಥೆರಪಿಗೆ ಹೋಗಲೇ, ಆಯುರ್ವೇದದ ಚಿಕಿತ್ಸೆ ಮಾಡಿಸಲೇ, ಯೋಗದ ತರಗತಿ ಸೇರಲೇ, ಇಲ್ಲವೇ ಒಂದು ಒಳ್ಳೆಯ ಕುರ್ಚಿ ಕೊಂಡುಬಿಡಲೇ? ಕೈಯಲ್ಲಿರುವ ಹಣ ಇವುಗಳಲ್ಲಿ ಒಂದಕ್ಕೆ ಸಾಕಾಗುತ್ತದೆ. ಸಮಯ ಅದಕ್ಕೂ ಸಾಲುವುದಿಲ್ಲ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೊರಟರೆ ಗೊಂದಲವೇ ಹೆಚ್ಚುತ್ತದೆ ಎಂಬುದು ನನ್ನ ಅನುಭವ, ಏಕೆಂದರೆ ಇಲ್ಲಿ ಬೇರೆ ಬೇರೆ ಎರಡು ಕೆಲಸಗಳಿವೆ. ಈ ರಾತ್ರಿ ನಿದ್ರೆ ಬರುವಂತೆ ಮಾಡುವುದು ಒಂದು, ಬರುವ ತಿಂಗಳು ಮತ್ತೆ ಹಿಡಿಯದಂತೆ ಮಾಡುವುದು ಇನ್ನೊಂದು. ಮೊದಲನೆಯದನ್ನು ಚೆನ್ನಾಗಿ ಮಾಡುವ ಉಪಾಯಗಳು ಎರಡನೆಯದನ್ನು ಮಾಡುವುದು ಬಹಳ ಕಡಿಮೆ. ನಾವು ಮಾತ್ರ ವರ್ಷವಿಡೀ ಮೊದಲನೆಯದಕ್ಕೇ ಹಣ ಸುರಿಯುತ್ತಿರುತ್ತೇವೆ.

ಹಿಡಿದುಕೊಳ್ಳುವುದು ಏನು?

ನಮ್ಮಲ್ಲಿ ಇದನ್ನು ‘ನರ ಹಿಡಿದಿದೆ’ ಎಂದೋ ‘ವಾಯು ಸೇರಿಕೊಂಡಿದೆ’ ಎಂದೋ ಹೇಳುವುದು ರೂಢಿ. ಆದರೆ ಹೆಚ್ಚಿನ ಸಲ ಹಿಡಿದಿರುವುದು ಸ್ನಾಯು. ತಲೆಬುರುಡೆಯ ಬುಡದಿಂದ ಹೆಗಲಿಗೂ ಬೆನ್ನಿನ ನಡುವಿಗೂ ಹರಡಿರುವ ಟ್ರಪೀಜಿಯಸ್, ಭುಜದ ರೆಕ್ಕೆಯನ್ನು ಬೆನ್ನುಮೂಳೆಯತ್ತ ಎಳೆದು ಹಿಡಿಯುವ ರಾಂಬಾಯ್ಡ್, ಕತ್ತಿನ ಪಕ್ಕದಿಂದ ರೆಕ್ಕೆಯ ಮೇಲ್ತುದಿಗೆ ಇಳಿಯುವ ಲೆವೇಟರ್ ಸ್ಕ್ಯಾಪುಲೆ, ಈ ಮೂರೇ ಸಾಮಾನ್ಯವಾಗಿ ತೊಂದರೆ ಕೊಡುವಂಥವು. ಬೆನ್ನಿನ ಈ ಭಾಗದ 12 ಕಶೇರುಗಳಿಗೆ, ಅಂದರೆ ಬೆನ್ನುಮೂಳೆಯ ಮಣಿಗಳಿಗೆ, ಪಕ್ಕೆಲುಬುಗಳು ಜೋಡಿಕೊಂಡಿರುವುದರಿಂದ ಅಲ್ಲಿ ಸೊಂಟದಷ್ಟು ಚಲನೆಯಿಲ್ಲ, ಕಶೇರುಗಳ ನಡುವಿನ ಮೆತ್ತೆಯಾದ ಡಿಸ್ಕ್ ಜಾರುವುದೂ ಅಪರೂಪ. ಆದರೆ ಕತ್ತಿನ ಡಿಸ್ಕಿನ ತೊಂದರೆ ಕತ್ತಿನಲ್ಲಿ ತೋರದೆ ಭುಜದ ರೆಕ್ಕೆಗಳ ನಡುವೆ ನೋವಾಗಿ ತೋರುವುದುಂಟು. ಅಮೆರಿಕದ ನರಶಸ್ತ್ರವೈದ್ಯ ರಾಲ್ಫ್ ಕ್ಲೋವರ್ಡ್ ಇದನ್ನು 1959ರಷ್ಟು ಹಿಂದೆಯೇ ತೋರಿಸಿದ್ದರು. ಬೆನ್ನನ್ನು ಎಷ್ಟು ತಿಕ್ಕಿಸಿದರೂ ಒಂದೇ ಜಾಗದಲ್ಲಿ ನೋವು ಮರಳುತ್ತಿದ್ದು, ಜೊತೆಗೆ ತೋಳಿನಲ್ಲಿ ಜೋಮು ಅಥವಾ ಬೆರಳುಗಳಲ್ಲಿ ಶಕ್ತಿಹೀನತೆ ಇದ್ದರೆ ಪರೀಕ್ಷೆ ಮಾಡಿಸಬೇಕಾದದ್ದು ಕತ್ತನ್ನು.

ಆಯ್ಕೆಯ ಮಾತಿಗೆ ಮುನ್ನ ಯಾರು ಆಯ್ಕೆ ಮಾಡುತ್ತ ಕೂರಬಾರದು ಎಂಬುದನ್ನು ಹೇಳಲೇಬೇಕು. ಬೆನ್ನಿನ ಮೇಲ್ಭಾಗದ ನೋವಿನೊಂದಿಗೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ, ದವಡೆಗೋ ಎಡತೋಳಿಗೋ ಹರಿಯುವ ನೋವು ಇದ್ದರೆ ಅದು ಹೃದಯಾಘಾತವಿರಬಹುದು. ಸೀಳಿದಂತೆ ದಿಢೀರನೆ ಎರಗಿದ ನೋವು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಅಪಧಮನಿಯ ಪದರ ಹರಿದದ್ದರಿಂದಲೂ ಬರಬಹುದು. ಆಗ ಉಪ್ಪಿನ ಗಂಟು ಕಟ್ಟುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ಅದು ಬೆನ್ನಿನ ಈ ಭಾಗಕ್ಕೆ ತಗಲುವುದು ಹೆಚ್ಚು. ಕಾಲುಗಳಲ್ಲಿ ಬಲ ಕುಂದಿದರೆ, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಎಣ್ಣೆಯಲ್ಲಿ ಕರಿದದ್ದನ್ನು ಉಂಡ ಮೇಲೆ ಬಲ ರೆಕ್ಕೆಯ ಕೆಳಗೆ ಬರುವ ನೋವು ಪಿತ್ತಕೋಶದ್ದಾಗಿರಬಹುದು. ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಉರಿಯುವ ನೋವು ಗುಳ್ಳೆ ಏಳುವ ಮೊದಲಿನ ಸರ್ಪಸುತ್ತಾಗಿರಬಹುದು. ಮೂಳೆ ಸವೆತವಿರುವ ಅಥವಾ ಬಹುಕಾಲ ಸ್ಟೆರಾಯ್ಡ್ ತೆಗೆದುಕೊಂಡಿರುವ ಹಿರಿಯರಲ್ಲಿ ಸಣ್ಣ ಕುಲುಕಿಗೂ ಕಶೇರು ಕುಸಿದಿರುವ ಸಾಧ್ಯತೆಯಿದೆ. ಇವು ಯಾವುವೂ ಅಲ್ಲವೆಂದು ಖಚಿತವಾದವರಿಗೆ ಮುಂದಿನ ಮಾತು.

ತೂಗುವ ಅಳತೆಗಳು

ಯಾವ ಉಪಾಯವನ್ನಾದರೂ ನಾನು ಐದು ಪ್ರಶ್ನೆಗಳಿಂದ ಅಳೆಯುತ್ತೇನೆ. ಎಷ್ಟು ಬೇಗ ಆರಾಮ ಕೊಡುತ್ತದೆ? ಆ ಆರಾಮ ಎಷ್ಟು ದಿನ ನಿಲ್ಲುತ್ತದೆ? ಹಣದ ಜೊತೆಗೆ ಓಡಾಟ ಮತ್ತು ಸಮಯವನ್ನು ಸೇರಿಸಿದರೆ ನಿಜವಾದ ಖರ್ಚೆಷ್ಟು? ನನ್ನ ವಯಸ್ಸಿಗೂ ನನ್ನ ಬೇರೆ ಕಾಯಿಲೆಗಳಿಗೂ ಇದರಿಂದ ಅಪಾಯವುಂಟೇ? ಕೊನೆಯದು, ನಾವು ಕೇಳಲು ಮರೆಯುವಂಥದ್ದು: ಇದು ಮುಗಿದ ಮೇಲೆ ನನ್ನ ಬೆನ್ನಿಗೆ ತಾನಾಗಿ ಏನಾದರೂ ಬಲ ಬಂದಿರುತ್ತದೆಯೇ, ಅಥವಾ ಮತ್ತೆ ಅದೇ ಮಂಚ, ಅದೇ ಅಂಗಡಿ, ಅದೇ ಕೈಯನ್ನು ಹುಡುಕಿಕೊಂಡು ಹೋಗಬೇಕೇ? ವರ್ಷಕ್ಕೊಮ್ಮೆ ಹಿಡಿಯುವವರು ಮೊದಲ ಪ್ರಶ್ನೆಗೆ ಹೆಚ್ಚು ಬೆಲೆ ಕೊಟ್ಟರೆ ತಪ್ಪಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಹಿಡಿಯುವವರು ಐದನೆಯದಕ್ಕೇ ಮೊದಲ ಸ್ಥಾನ ಕೊಡಬೇಕು ಎಂಬುದು ನನ್ನ ನಿಲುವು.

ಈ ರಾತ್ರಿಗೆ: ಶಾಖ, ಮುಲಾಮು, ಮಾತ್ರೆ

ಶಾಖ ಎಲ್ಲಕ್ಕಿಂತ ಅಗ್ಗದ್ದು, ಮತ್ತು ಮೊದಲ ದಿನದ ಮಟ್ಟಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಪೆಟ್ಟು ಬಿದ್ದು ಊದಿಕೊಂಡಿದ್ದರೆ ಮೊದಲ ಎರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡುವುದು ಸರಿ. ಪೆಟ್ಟಿಲ್ಲದೆ ಬಿಗಿದುಕೊಂಡ ಸ್ನಾಯುವಿಗೆ ಬಿಸಿಯೇ ಹಿತ. ಹುರಿದ ಕಲ್ಲುಪ್ಪಿನ ಗಂಟು, ಬಿಸಿನೀರಿನ ಚೀಲ, ವಿದ್ಯುತ್ ಪ್ಯಾಡು ಈ ಮೂರರಲ್ಲಿ ಕೆಲಸ ಒಂದೇ, ಅನುಕೂಲ ಬೇರೆ. ಉಪ್ಪಿನ ಗಂಟು ಬೆನ್ನಿನ ಉಬ್ಬುತಗ್ಗಿಗೆ ಚೆನ್ನಾಗಿ ಕೂರುತ್ತದೆ, ಆದರೆ ಎಷ್ಟು ಬಿಸಿಯಿದೆ ಎಂದು ತಿಳಿಯುವುದಿಲ್ಲ ಮತ್ತು ಒತ್ತಲು ಇನ್ನೊಬ್ಬರು ಬೇಕು. ಬಿಸಿನೀರಿನ ಚೀಲಕ್ಕೆ ಮುನ್ನೂರು ರೂಪಾಯಿಯ ಆಸುಪಾಸು. ಅದನ್ನು ಮುಕ್ಕಾಲು ತುಂಬಿಸಿ, ಗಾಳಿ ಹೊರಡಿಸಿ, ಟವೆಲಿನಲ್ಲಿ ಸುತ್ತಿ, ಒರಗುವ ಕುರ್ಚಿಯ ಬೆನ್ನಿಗಿಟ್ಟು ಹದಿನೈದು ಇಪ್ಪತ್ತು ನಿಮಿಷ ಕುಳಿತರೆ ಒಬ್ಬರೇ ಮಾಡಿಕೊಳ್ಳಬಹುದು. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕುಂದಿದವರಿಗೆ ಸುಟ್ಟದ್ದೂ ತಿಳಿಯದಿರುವುದರಿಂದ ಬಿಸಿಯನ್ನು ಬೇರೆಯವರು ಮುಟ್ಟಿ ನೋಡಿದ ಮೇಲೆಯೇ ಇಡಬೇಕು. ಎಕ್ಕದೆಲೆ ಕಟ್ಟುವವರು ಅದರ ಹಾಲು ಚರ್ಮವನ್ನು ಕೆರಳಿಸುತ್ತದೆ, ಕಣ್ಣಿಗೆ ತಗುಲಿದರೆ ಅಪಾಯ ಎಂಬುದನ್ನು ನೆನಪಿಡಬೇಕು.

ಮುಲಾಮುಗಳಲ್ಲಿ ಎರಡು ಜಾತಿಗಳಿವೆ. ಇವನ್ನು ಬೇರೆ ಮಾಡಿ ನೋಡದೆ ಕೊಳ್ಳುವುದರಿಂದಲೇ ಮನೆಯ ಡಬ್ಬಿಯಲ್ಲಿ ಅರ್ಧ ಹಿಂಡಿದ ಆರು ಟ್ಯೂಬುಗಳು ಸೇರಿಕೊಳ್ಳುವುದು. 1893ರಿಂದ ನಮ್ಮ ಅಜ್ಜಿಯರ ಸೊಂಟದ ಚೀಲ ಸೇರಿದ ಅಮೃತಾಂಜನದಂಥ ಬಾಮುಗಳು ಮೆಂಥಾಲ್, ಕರ್ಪೂರ, ನೀಲಗಿರಿ ಅಥವಾ ವಿಂಟರ್‌ಗ್ರೀನ್ ಎಣ್ಣೆಯ ಬಲದಿಂದ ಚರ್ಮಕ್ಕೆ ತಂಪನ್ನೋ ಉರಿಯನ್ನೋ ಕೊಟ್ಟು ನೋವಿನ ಕಡೆಯಿಂದ ಗಮನ ಸೆಳೆಯುತ್ತವೆ. ಡೈಕ್ಲೊಫೆನಾಕ್ ಇರುವ ಜೆಲ್ಲುಗಳು ಉರಿಯೂತವನ್ನೇ ತಗ್ಗಿಸುತ್ತವೆ. ಹೊಸದಾಗಿ ಹಿಡಿದ ನೋವಿನಲ್ಲಿ ಇವಕ್ಕೆ ಒಳ್ಳೆಯ ಆಧಾರವಿದೆ, ಹೊಟ್ಟೆಗೆ ನುಂಗುವ ಮಾತ್ರೆಗಿಂತ ರಕ್ತಕ್ಕೆ ಸೇರುವ ಪ್ರಮಾಣವೂ ಬಹಳ ಕಡಿಮೆ. ಹಾಗಾಗಿ ಒಂದೇ ಕೊಳ್ಳುವುದಾದರೆ ಎರಡನೆಯದನ್ನು ಕೊಳ್ಳಿರಿ. ಯಾವುದನ್ನೇ ಹಚ್ಚಿದರೂ ಅದರ ಮೇಲೆ ಬಿಸಿ ಚೀಲ ಇಡಬಾರದು. ರಕ್ತ ತೆಳುವಾಗಿಸಲು ವಾರ್ಫರಿನ್ ನುಂಗುತ್ತಿರುವವರು ಮೀಥೈಲ್ ಸ್ಯಾಲಿಸಿಲೇಟ್ (ವಿಂಟರ್‌ಗ್ರೀನ್ ಎಣ್ಣೆಯ ಮುಖ್ಯ ಅಂಶ) ಇರುವ ಬಾಮನ್ನು ದಿನವೂ ತಿಕ್ಕಿದರೆ ರಕ್ತಸ್ರಾವದ ಅಪಾಯವಿದೆ. ಇದು ಎಷ್ಟೋ ಮನೆಗಳಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ.

ಮಾತ್ರೆಗಳ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಅಂಗಡಿಯವರು ಕತ್ತರಿಸಿ ಕೊಡುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಮೂರು ಔಷಧಗಳು ಒಂದೇ ಮಾತ್ರೆಯಲ್ಲಿ ಬೆರೆತಿರುತ್ತವೆ: ಉರಿಯೂತ ತಗ್ಗಿಸುವ ಅಸೆಕ್ಲೊಫೆನಾಕ್ ಅಥವಾ ಡೈಕ್ಲೊಫೆನಾಕ್, ಅದರೊಂದಿಗೆ ಪ್ಯಾರಾಸಿಟಮಾಲ್, ಅದರೊಂದಿಗೆ ಸ್ನಾಯು ಸಡಿಲಿಸುವ ಕ್ಲೋರ್ಜಾಕ್ಸಜೋನ್ ಅಥವಾ ಥಯೊಕಾಲ್ಚಿಕೊಸೈಡ್. ಜ್ವರಕ್ಕೆಂದು ಪ್ಯಾರಾಸಿಟಮಾಲನ್ನು ಬೇರೆಯಾಗಿ ನುಂಗಿದವರು ತಿಳಿಯದೆ ಎರಡು ಪಾಲು ನುಂಗಿರುತ್ತಾರೆ. ಡೈಕ್ಲೊಫೆನಾಕಿನ ಗುಂಪಿನವು ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ ಇರುವವರಿಗೆ ತಕ್ಕವಲ್ಲ. ಸತ್ತ ದನಗಳಲ್ಲಿ ಉಳಿದಿದ್ದ ಇದೇ ಡೈಕ್ಲೊಫೆನಾಕ್ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನ ಅಂಚಿಗೆ ತಂದದ್ದರಿಂದ 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆಯನ್ನು ಭಾರತ ನಿಷೇಧಿಸಿತು. ಮನುಷ್ಯರ ಮೂತ್ರಪಿಂಡ ಹದ್ದಿನಷ್ಟು ದುರ್ಬಲವಲ್ಲ, ನಿಜ, ಆದರೂ ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಎರಡೂ ಇರುವ ಹಿರಿಯರು ಇದನ್ನು ಕಡಲೆಮಿಠಾಯಿಯಂತೆ ತಿನ್ನುವುದನ್ನು ಕಂಡಾಗ ನನಗೆ ಆ ಹದ್ದುಗಳೇ ನೆನಪಾಗುತ್ತವೆ.

ಸ್ನಾಯು ಸಡಿಲಿಸುವ ಔಷಧಗಳ ಬಗ್ಗೆ ಜನರಿಗಿರುವ ನಂಬಿಕೆ ಅವುಗಳ ಯೋಗ್ಯತೆಗಿಂತ ದೊಡ್ಡದು. ಬೆನ್ನುನೋವಿನ ಅಧ್ಯಯನಗಳಲ್ಲಿ ಕಂಡ ಲಾಭ ಸಣ್ಣದು, ಅದೂ ಮೊದಲ ಕೆಲವು ದಿನಗಳ ಮಟ್ಟಿಗೆ. ತೂಕಡಿಕೆ ಮಾತ್ರ ಖಚಿತ. ರಾತ್ರಿ ನಿದ್ರೆಯೇ ಬಾರದಂತಿರುವವರಿಗೆ ಆ ತೂಕಡಿಕೆಯೇ ಉಪಕಾರವಾಗಬಹುದು, ಆದರೆ ಬೆಳಗ್ಗೆ ಸ್ಕೂಟರು ಹತ್ತುವವರಿಗೆ ಅದು ಅಪಾಯ. ಥಯೊಕಾಲ್ಚಿಕೊಸೈಡನ್ನು ಬಾಯಿಯ ಮೂಲಕ ಸತತ ಏಳು ದಿನಕ್ಕಿಂತ ಹೆಚ್ಚು ಕೊಡಬಾರದು, ಗರ್ಭಿಣಿಯರಿಗೂ ಮೊಲೆಯುಣಿಸುವವರಿಗೂ ಕೊಡಲೇಬಾರದು ಎಂದು ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಮಿತಿ ಹಾಕಿದೆ. ಇದೇ ಗುಂಪಿನ ಟಿಜಾನಿಡಿನ್ ನುಂಗುವವರು ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೊಟಿಕ್ಕನ್ನು ಜೊತೆಗೆ ತೆಗೆದುಕೊಂಡರೆ ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ. ವೈದ್ಯರ ಚೀಟಿಯ ಮೇಲೆ ಮೂರರಿಂದ ಐದು ದಿನ, ಅಷ್ಟೇ ಇವುಗಳ ಸ್ಥಾನ. ವರ್ಷಕ್ಕೆ ಐದು ಬಾರಿ ಈ ಪಟ್ಟಿಯನ್ನು ಮುಗಿಸುವವರು ಚಿಕಿತ್ಸೆ ಪಡೆಯುತ್ತಿಲ್ಲ, ನೋವನ್ನು ಮುಂದೂಡುತ್ತಿದ್ದಾರೆ.

ಇನ್ನು ವಿಶ್ರಾಂತಿ. ಒಂದು ದಿನ ಸಾಕು. ಅದಕ್ಕಿಂತ ಹೆಚ್ಚು ಮಲಗಿದಷ್ಟೂ ಬಿಗಿತ ಹೆಚ್ಚುತ್ತದೆ. ನೋವು ತಡೆಯುವಷ್ಟು ಮಟ್ಟಿಗೆ ಕತ್ತು, ಹೆಗಲುಗಳನ್ನು ಗಂಟೆಗೊಮ್ಮೆ ಆಡಿಸುತ್ತಿರುವುದು ಮೇಲು.

ಕೈಯ ಚಿಕಿತ್ಸೆಗಳು

ಮಾಲೀಶಿನ ಸುಖವನ್ನು ನಾನು ಅಲ್ಲಗಳೆಯಲಾರೆ. ತಿಳಿದವರ ಕೈಯಲ್ಲಿ ಅರ್ಧ ಗಂಟೆ ಕಳೆದರೆ ಹಿಡಿತ ಸಡಿಲುತ್ತದೆ, ರಾತ್ರಿ ನಿದ್ರೆ ಬರುತ್ತದೆ. ಆದರೆ ಎರಡನೆಯ ಅಳತೆಯಲ್ಲಿ ಇದು ಸೋಲುತ್ತದೆ: ಆ ಹಗುರ ಕೆಲವು ದಿನಗಳದ್ದು. ತಿಂಗಳಿಗೆರಡು ಸಲ ಸಾವಿರ ರೂಪಾಯಿ ಕೊಟ್ಟು ಮಾಡಿಸಿಕೊಳ್ಳುವವರು ವರ್ಷಕ್ಕೆ ಎಷ್ಟಾಯಿತೆಂದು ಒಮ್ಮೆ ಕೂಡಿಸಿ ನೋಡಲಿ.

ಇದಕ್ಕೊಂದು ಬಡವರ ಬದಲಿಯಿದೆ, ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ಹಳೆಯ ಕಾಲುಚೀಲದೊಳಗೆ ಟೆನಿಸ್ ಚೆಂಡೊಂದನ್ನು ಇಳಿಬಿಟ್ಟು, ಕಾಲುಚೀಲದ ಬಾಯನ್ನು ಕೈಯಲ್ಲಿ ಹಿಡಿದು ಚೆಂಡನ್ನು ಹೆಗಲ ಮೇಲಿಂದ ಬೆನ್ನಿಗೆ ಹಾಕಿಕೊಂಡು, ಗೋಡೆಗೆ ಒರಗಿ ನಿಲ್ಲಬೇಕು. ಮಂಡಿ ಸ್ವಲ್ಪ ಮಡಿಸುತ್ತ ಚೆಂಡನ್ನು ಉರುಳಿಸಿದರೆ ರೆಕ್ಕೆಯ ಒಳಅಂಚಿನಲ್ಲಿ ಒಂದು ಕಡೆ ‘ಅಯ್ಯೋ’ ಎನ್ನಿಸುವ ಗಂಟು ಸಿಗುತ್ತದೆ. ಅಲ್ಲಿ ಮೂವತ್ತು ನಲವತ್ತು ಸೆಕೆಂಡು ಭಾರ ಬಿಟ್ಟು ನಿಧಾನವಾಗಿ ಉಸಿರು ಬಿಡುತ್ತಿದ್ದರೆ ಅದು ಕರಗಿದಂತಾಗುತ್ತದೆ. ಬೆನ್ನುಮೂಳೆಯ ಮೇಲೆಯೇ ಚೆಂಡನ್ನು ಒತ್ತಬಾರದು. ಖರ್ಚು ಐವತ್ತರಿಂದ ನೂರು ರೂಪಾಯಿ, ಯಾರ ಹಂಗೂ ಇಲ್ಲ.

ಆಯುರ್ವೇದದ ಗ್ರೀವಾಬಸ್ತಿ ಈ ಭಾಗಕ್ಕೆಂದೇ ಹೇಳಲಾಗುವ ಚಿಕಿತ್ಸೆ. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಹೆಕ್ಕತ್ತಿನ ಮೇಲೆ ಬಳೆಯಂತೆ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ತೈಲ ತುಂಬಿಸಿ, ಆರಿದಂತೆಲ್ಲ ಹತ್ತಿಯಿಂದ ಹೀರಿ ತೆಗೆದು ಮತ್ತೆ ಬಿಸಿ ತೈಲ ಹೊಯ್ಯುತ್ತಾರೆ. ಅಭ್ಯಂಗ ಮತ್ತು ಬೆವರಿಸುವ ಸ್ವೇದನದೊಂದಿಗೆ ಏಳು ದಿನ ಮಾಡಿಸಿಕೊಂಡಾಗ ನನಗೆ ಸಿಕ್ಕ ಆರಾಮ ಮಾಲೀಶಿಗಿಂತ ಹೆಚ್ಚು ಕಾಲ ನಿಂತಿತು. ಅದರಲ್ಲಿ ತೈಲದ ಪಾಲೆಷ್ಟು, ಏಳು ದಿನ ಲ್ಯಾಪ್‌ಟಾಪ್ ಮುಟ್ಟದೆ ಮಲಗಿದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಒಂದು ವಾರ ಬಿಡುವು ಮತ್ತು ಕೆಲವು ಸಾವಿರ ರೂಪಾಯಿ ಎರಡೂ ಇರುವವರಿಗೆ ಇದು ಒಳ್ಳೆಯ ಆರಂಭ. ಜೊತೆಗೆ ಕೊಡುವ ಗುಳಿಗೆಗಳಲ್ಲಿ ಲೋಹಭಸ್ಮವಿದೆಯೇ ಎಂದು ಕೇಳಿ ತಿಳಿಯಬೇಕು, ಹೆಸರು ವಿಳಾಸವಿಲ್ಲದ ‘ನೋವಿನ ಪುಡಿ’ಗಳನ್ನು ಮುಟ್ಟಲೇಬಾರದು, ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದುಂಟು.

ಬೇಡವೆಂದು ಖಂಡಿತವಾಗಿ ಹೇಳಬಹುದಾದದ್ದು ಕತ್ತನ್ನು ‘ಲಟಕ್’ ಎನ್ನಿಸುವ ಕ್ಷೌರದಂಗಡಿಯ ಸೇವೆ. ನನ್ನ ತಮ್ಮ ಒಮ್ಮೆ ಕ್ಷೌರದ ಜೊತೆಗೆ ಪುಕ್ಕಟೆಯಾಗಿ ಸಿಕ್ಕಿತೆಂದು ತಿರುಗಿಸಿಕೊಂಡು ಬಂದು ಎರಡು ದಿನ ತಲೆಸುತ್ತಿನಿಂದ ಗೋಡೆ ಹಿಡಿದು ನಡೆದ. ದಿಢೀರನೆ ಕತ್ತು ತಿರುಚಿದಾಗ ಮೆದುಳಿಗೆ ರಕ್ತ ಒಯ್ಯುವ ಕಶೇರು ಅಪಧಮನಿ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳು ವೈದ್ಯಕೀಯ ದಾಖಲೆಯಲ್ಲಿವೆ. ಬೆನ್ನು ತುಳಿಸಿಕೊಳ್ಳುವುದೂ ಇದೇ ಸಾಲಿನದು. ಮೂಳೆ ಸವೆದ ಹಿರಿಯರ ವಿಷಯದಲ್ಲಂತೂ ಅದು ಪಕ್ಕೆಲುಬು ಮುರಿಯುವ ದಾರಿ.

ಟೆನ್ಸ್ ಎಂಬ ಸಣ್ಣ ವಿದ್ಯುತ್ ಉಪಕರಣ ಒಂದೂವರೆಯಿಂದ ಮೂರು ಸಾವಿರಕ್ಕೆ ಸಿಗುತ್ತದೆ. ಹಚ್ಚಿಕೊಂಡಿರುವಷ್ಟು ಹೊತ್ತು ಕೆಲವರಿಗೆ ನೋವು ಮಂಕಾಗುತ್ತದೆ. ಮಾತ್ರೆ ನುಂಗಲಾಗದವರು ಯೋಚಿಸಬಹುದು. ಪೇಸ್‌ಮೇಕರ್ ಇರುವವರು ಕೂಡದು.

ಮರಳಿ ಬಾರದಂತೆ

ಇಲ್ಲಿಂದ ಮುಂದೆ ನನ್ನ ಪಕ್ಷಪಾತ ಸ್ಪಷ್ಟ: ಹಣವಿರಲಿ ಇಲ್ಲದಿರಲಿ, ಮೊದಲ ಸ್ಥಾನ ಬಲ ಕೊಡುವ ವ್ಯಾಯಾಮಕ್ಕೆ. ಡೆನ್ಮಾರ್ಕಿನಲ್ಲಿ ಕತ್ತು ಮತ್ತು ಹೆಗಲಿನ ನೋವು ಪದೇ ಪದೇ ಬರುತ್ತಿದ್ದ 198 ಕಚೇರಿ ನೌಕರರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 2 ನಿಮಿಷ, ಇನ್ನೊಂದಕ್ಕೆ 12 ನಿಮಿಷ, ವಾರಕ್ಕೆ ಐದು ದಿನ ರಬ್ಬರ್ ಪಟ್ಟಿಯನ್ನು ಪಕ್ಕಕ್ಕೆ ಎತ್ತಿ ಎಳೆಯುವ ವ್ಯಾಯಾಮ ಕೊಟ್ಟರು. ಮೂರನೆಯ ಗುಂಪಿಗೆ ಕೊಡಲಿಲ್ಲ. 2011ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ 10 ವಾರದಲ್ಲಿ ವ್ಯಾಯಾಮದ ಎರಡೂ ಗುಂಪುಗಳ ನೋವು ತಗ್ಗಿತು, ಮತ್ತು ಎರಡು ನಿಮಿಷದವರು ಹನ್ನೆರಡು ನಿಮಿಷದವರಿಗಿಂತ ಬಹಳ ಹಿಂದೆ ಉಳಿಯಲಿಲ್ಲ. ಸಮಯವಿಲ್ಲ ಎಂಬ ನೆಪಕ್ಕೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಪಟ್ಟಿಗೆ ಮುನ್ನೂರರಿಂದ ಐನೂರು ರೂಪಾಯಿ. ನಾನು ಅದನ್ನು ಅಡುಗೆಮನೆಯ ಕಿಟಕಿಯ ಸರಳಿಗೆ ಮೊಣಕೈ ಎತ್ತರದಲ್ಲಿ ಕಟ್ಟಿಟ್ಟಿದ್ದೇನೆ, ಹಾಲು ಕಾಯುವ ಹೊತ್ತಿಗೆ ಮುಗಿಯುತ್ತದೆ. ಎರಡು ತುದಿಗಳನ್ನು ಹಿಡಿದು, ಮೊಣಕೈಗಳು ಪಕ್ಕೆಗೆ ಬರುವವರೆಗೆ ಹಿಂದಕ್ಕೆಳೆದು, ಎರಡು ರೆಕ್ಕೆಗಳ ನಡುವೆ ಒಂದು ನಿಂಬೆಹಣ್ಣನ್ನು ಹಿಂಡುವಂತೆ ಒತ್ತಿ, ಎರಡೆಣಿಕೆ ತಡೆದು, ನಿಧಾನವಾಗಿ ಬಿಡಬೇಕು. ಹೆಗಲು ಕಿವಿಯ ಕಡೆಗೆ ಏರಿದರೆ ಪಟ್ಟಿ ಬಿಗಿಯಾಯಿತೆಂದು ಅರ್ಥ. ಹತ್ತು ಹನ್ನೆರಡು ಸಲ ಎಳೆದ ಮೇಲೆ, ಪಟ್ಟಿಯನ್ನು ಪಾದದಡಿ ತುಳಿದು ಕೈಗಳನ್ನು ಪಕ್ಕಕ್ಕೆ ಹೆಗಲೆತ್ತರಕ್ಕೆ ಎತ್ತುವುದು ಇನ್ನಷ್ಟು ಸಲ. ರಾತ್ರಿ ಮಲಗುವ ಮುನ್ನ ಸ್ನಾನದ ಟವೆಲನ್ನು ಸುರುಳಿ ಸುತ್ತಿ, ರೆಕ್ಕೆಗಳ ಕೆಳತುದಿಯ ಮಟ್ಟಕ್ಕೆ ಅಡ್ಡಲಾಗಿ ಇಟ್ಟು, ಅದರ ಮೇಲೆ ಅಂಗಾತ ಮಲಗಿ ಕೈಗಳನ್ನು ತಲೆಯ ಹಿಂದೆ ಚಾಚಿ ಐದಾರು ಉಸಿರು ತೆಗೆದುಕೊಂಡರೆ ದಿನವಿಡೀ ಮುಂದಕ್ಕೆ ಬಾಗಿದ್ದ ಬೆನ್ನು ಹಿಂದಕ್ಕೆ ತೆರೆದುಕೊಳ್ಳುತ್ತದೆ. ಹಿಡಿತವಿರುವ ದಿನ ಎಳೆತ ಬೇಡ. ಮೂರನೆಯ ನಾಲ್ಕನೆಯ ದಿನದಿಂದ ಅರ್ಧ ಬಲದಲ್ಲಿ ಆರಂಭಿಸಬಹುದು. ಫಲ ಕಾಣಲು ಆರೇಳು ವಾರ ಬೇಕು. ಬಹಳ ಜನ ಕೈಬಿಡುವುದು ಮೂರನೆಯ ವಾರದಲ್ಲಿ.

ಹಾಗಾದರೆ ಫಿಸಿಯೊಥೆರಪಿಸ್ಟರಿಗೆ ಹಣ ಏಕೆ ಕೊಡಬೇಕು? ತಪ್ಪನ್ನು ತೋರಿಸಿಕೊಡಲಿಕ್ಕೆ. ಕನ್ನಡಿಯಲ್ಲಿ ನಮಗೆ ನಮ್ಮ ಬೆನ್ನು ಕಾಣುವುದಿಲ್ಲ. ನಗರಗಳಲ್ಲಿ ಒಂದು ಭೇಟಿಗೆ ಐನೂರರಿಂದ ಎಂಟುನೂರು ರೂಪಾಯಿ ಎಂದಿಟ್ಟುಕೊಂಡರೂ ನಾಲ್ಕೈದು ಭೇಟಿಗಳು, ಎರಡು ವಾರಕ್ಕೊಂದರಂತೆ ಹರಡಿಕೊಂಡರೆ, ವರ್ಷದ ಮಾಲೀಶಿಗಿಂತ ಅಗ್ಗ. ಸರ್ಕಾರಿ ಜಿಲ್ಲಾಸ್ಪತ್ರೆಗಳಲ್ಲಿಯೂ ವೈದ್ಯಕೀಯ ಕಾಲೇಜುಗಳಲ್ಲಿಯೂ ಈ ವಿಭಾಗವಿರುತ್ತದೆ. ಅಲ್ಲಿ ಖರ್ಚು ಹಣದ್ದಲ್ಲ, ಸರದಿ ಸಾಲಿನದು. ಒಳ್ಳೆಯವರನ್ನು ಗುರುತಿಸಲು ನಾನು ಬಳಸುವ ಗುಟ್ಟು ಹೀಗಿದೆ: ದಿನವೂ ಬಂದು ಯಂತ್ರದ ಕೆಳಗೆ ಇಪ್ಪತ್ತು ನಿಮಿಷ ಮಲಗಿ ಹೋಗಿ ಎನ್ನುವವರನ್ನು ಬಿಟ್ಟು, ಮೊದಲ ದಿನವೇ ಮನೆಗೆ ವ್ಯಾಯಾಮ ಕೊಟ್ಟು ಮುಂದಿನ ಭೇಟಿಯಲ್ಲಿ ಮಾಡಿ ತೋರಿಸಿರಿ ಎನ್ನುವವರ ಬಳಿ ಹೋಗುತ್ತೇನೆ.

ಯೋಗ ಮನೆಯ ವ್ಯಾಯಾಮಕ್ಕೂ ಫಿಸಿಯೊಥೆರಪಿಗೂ ನಡುವೆ ನಿಲ್ಲುತ್ತದೆ. ಭುಜಂಗಾಸನ, ಮಾರ್ಜಾಲಾಸನ, ಗೋಮುಖಾಸನದ ಕೈಗಳು, ಗರುಡಾಸನದ ಕೈಗಳು ಇವೆಲ್ಲ ನೇರವಾಗಿ ಈ ಭಾಗಕ್ಕೇ ತಗಲುತ್ತವೆ. ಬಿಗಿ ಹೆಗಲಿನವರಿಗೆ ಪಟ್ಟಿ, ದಿಂಬು, ಗೋಡೆಯ ಹಗ್ಗಗಳ ಆಸರೆ ಬಳಸುವ ಪದ್ಧತಿ ಹೆಚ್ಚು ಒಗ್ಗುತ್ತದೆ. ಆಸರೆಗಳನ್ನು ಹೀಗೆ ಬಳಕೆಗೆ ತಂದವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು. ಒಬ್ಬರೇ ಮಾಡಿದರೆ ಬಿಟ್ಟುಹೋಗುತ್ತದೆ, ತರಗತಿಯಿದ್ದರೆ ಹೋಗುತ್ತೇನೆ ಎನ್ನುವ ಸ್ವಭಾವದವರಿಗೆ ರಬ್ಬರ್ ಪಟ್ಟಿಗಿಂತ ಯೋಗವೇ ಸರಿ. ಕೊರತೆಯೆಂದರೆ ಎಳೆಯುವ ಕೆಲಸ ಯೋಗದಲ್ಲಿ ಕಡಿಮೆ, ಹಿಗ್ಗಿಸುವುದು ಹೆಚ್ಚು. ಕತ್ತಿನ ತೊಂದರೆಯಿರುವವರು ಶೀರ್ಷಾಸನ, ಸರ್ವಾಂಗಾಸನ, ಹಲಾಸನಗಳನ್ನು ಬಿಡಬೇಕು.

ಇನ್ನು ಕುರ್ಚಿಯ ಪ್ರಶ್ನೆ. ತಲೆಯ ತೂಕ ನಾಲ್ಕೂವರೆಯಿಂದ ಐದು ಕಿಲೋ. ಅದನ್ನು 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ 27 ಕಿಲೋ ಭಾರ ಬೀಳುತ್ತದೆ ಎಂಬ ಚಿತ್ರ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಅದು 2014ರಲ್ಲಿ ಮಾದರಿಯೊಂದರಿಂದ ಲೆಕ್ಕ ಹಾಕಿದ ಸಂಖ್ಯೆ, ಮನುಷ್ಯರಲ್ಲಿ ನೋವನ್ನು ಅಳೆದದ್ದಲ್ಲ. ಬಾಗಿದ್ದಕ್ಕಿಂತ ಅಲುಗಾಡದೆ ಬಾಗಿಯೇ ಇದ್ದದ್ದು ಹೆಚ್ಚು ತೊಂದರೆ ಕೊಡುತ್ತದೆ ಎಂದು ನನಗೆ ಅನ್ನಿಸಿದೆ. ಹತ್ತು ಇಪ್ಪತ್ತು ಸಾವಿರದ ಕುರ್ಚಿಯಲ್ಲಿ ಕುಳಿತು ಲ್ಯಾಪ್‌ಟಾಪನ್ನು ಮೇಜಿನ ಮೇಲೆಯೇ ಇಟ್ಟರೆ ಕತ್ತು ಬಗ್ಗುವುದು ತಪ್ಪುವುದಿಲ್ಲ. ಸುಮಾರು ಎಂಟುನೂರರ ಸ್ಟ್ಯಾಂಡು, ಸಾವಿರದ ಕೀಬೋರ್ಡು ಮತ್ತು ಮೌಸು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಮೊಣಕೈಗೆ ಆಸರೆ: ಮೊದಲು ಈ ಎರಡು ಸಾವಿರವನ್ನು ಖರ್ಚು ಮಾಡಿ, ಉಳಿದದ್ದರ ಬಗ್ಗೆ ಆಮೇಲೆ ಯೋಚಿಸಬಹುದು. ಸ್ಟ್ಯಾಂಡಿಗೂ ಹಣವಿಲ್ಲದಿದ್ದರೆ ನಾಲ್ಕು ದಪ್ಪ ನಿಘಂಟುಗಳು ಸಾಕು. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿಯುವುದಕ್ಕೆ ಖರ್ಚೇ ಇಲ್ಲ. ಬೆನ್ನನ್ನು ನೇರವಾಗಿಸುವ ಬೆಲ್ಟುಗಳು ನೆನಪಿಸುವ ದಾರದಂತೆ ಮೊದಲ ವಾರ ಉಪಯೋಗಕ್ಕೆ ಬರುತ್ತವೆ, ಆಮೇಲೆ ಬಾಗಿಲ ಹಿಂದಿನ ಮೊಳೆ ಸೇರುತ್ತವೆ. ಮೆಗ್ನೀಸಿಯಂ ಮಾತ್ರೆಗಳಿಗೆ ಈ ತೊಂದರೆಯಲ್ಲಿ ಹೇಳಿಕೊಳ್ಳುವ ಆಧಾರವಿಲ್ಲ; ಮೈಯೆಲ್ಲ ನೋವಿದ್ದರೆ ವಿಟಮಿನ್ ಡಿ ಪರೀಕ್ಷಿಸಿಕೊಳ್ಳುವುದು ಬೇರೆ ಮಾತು.

ಯಾರಿಗೆ ಯಾವುದು

ಲ್ಯಾಪ್‌ಟಾಪಿನ ಮುಂದೆ ದಿನ ಕಳೆಯುವವರು ಸ್ಟ್ಯಾಂಡು ಮತ್ತು ಪಟ್ಟಿಯಿಂದ ಆರಂಭಿಸಲಿ. ಒಟ್ಟು ಎರಡೂವರೆ ಸಾವಿರದೊಳಗೆ ಮುಗಿಯುತ್ತದೆ. ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ, ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ತಡರಾತ್ರಿಯವರೆಗೆ ಅಡಿಕೆ ಸುಲಿಯುವವರಿಗೆ ಸ್ಟ್ಯಾಂಡು ಪ್ರಯೋಜನವಿಲ್ಲ, ಕೆಲಸದ ಎತ್ತರ ಬದಲಿಸುವುದೂ ಸುಲಭವಲ್ಲ. ಅವರಿಗೆ ಗಂಟೆಗೊಮ್ಮೆ ಎದ್ದು ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು ಎದೆ ಮುಂದಕ್ಕೆ ಹಿಗ್ಗಿಸುವುದು, ರಾತ್ರಿ ಬಿಸಿನೀರಿನ ಚೀಲ, ಸುಗ್ಗಿಗೆ ಎರಡು ತಿಂಗಳು ಮುಂಚೆಯೇ ಶುರುವಾದ ಪಟ್ಟಿಯ ವ್ಯಾಯಾಮ ಇವೇ ಸರಿಹೊಂದುತ್ತವೆ. ಹಸುಗೂಸಿನ ತಾಯಂದಿರು ಮಗುವಿನ ಕಡೆಗೆ ತಾವು ಬಗ್ಗುವ ಬದಲು ದಿಂಬುಗಳನ್ನು ಪೇರಿಸಿ ಮಗುವನ್ನೇ ಎದೆಯ ಮಟ್ಟಕ್ಕೆ ತರಬೇಕು. ಅವರು ಶಾಖದಲ್ಲೇ ನಿಭಾಯಿಸುವುದು ಮೇಲು, ಮಾತ್ರೆಯೇನಿದ್ದರೂ ವೈದ್ಯರನ್ನು ಕೇಳಿದ ಮೇಲೆ. ಅರವತ್ತು ದಾಟಿದವರು ಮೊದಲು ವೈದ್ಯರಿಗೆ ತೋರಿಸಿ ಮೂಳೆಯ ಸ್ಥಿತಿ ತಿಳಿದುಕೊಂಡು, ಆಮೇಲೆ ಫಿಸಿಯೊಥೆರಪಿಸ್ಟರ ಕಣ್ಣೆದುರು ವ್ಯಾಯಾಮ ಕಲಿಯಲಿ. ಒಂದೇ ಹೆಗಲಿಗೆ ಭಾರದ ಚೀಲ ಹಾಕಿಕೊಂಡು ಸ್ಕೂಟರು ಓಡಿಸುವವರು ಚೀಲವನ್ನು ಕಾಲ ಬಳಿ ಇಟ್ಟು ನೋಡಲಿ. ನನ್ನ ಸ್ನೇಹಿತೆಯೊಬ್ಬರಿಗೆ ಅಷ್ಟರಿಂದಲೇ ಅರ್ಧ ವಾಸಿಯಾಯಿತು.

ಆಯ್ದುಕೊಂಡದ್ದು ಫಲಿಸುತ್ತಿದೆಯೇ ಎಂದು ತಿಳಿಯಲು ಗೋಡೆಯ ಕ್ಯಾಲೆಂಡರು ಸಾಕು. ಹಿಡಿದ ದಿನ ಒಂದು ಅಡ್ಡಗೆರೆ, ಮಾತ್ರೆ ನುಂಗಿದ ದಿನ ಇನ್ನೊಂದು. ಎರಡು ತಿಂಗಳು ವ್ಯಾಯಾಮವನ್ನು ತಪ್ಪದೆ ಮಾಡಿದ ಮೇಲೂ ಗೆರೆಗಳು ಕಡಿಮೆಯಾಗದಿದ್ದರೆ ಕ್ಯಾಲೆಂಡರಿನ ಸಮೇತ ವೈದ್ಯರ ಬಳಿಗೆ ಹೋಗಬೇಕು. ಆಗ ಕತ್ತಿನ ಪರೀಕ್ಷೆಯಾಗುತ್ತದೆ, ಅಗತ್ಯ ಕಂಡರೆ ಎಂ.ಆರ್.ಐ.; ಅದಕ್ಕಿಂತ ಮುಂಚೆ ನೀವಾಗಿಯೇ ಸಾವಿರಾರು ರೂಪಾಯಿ ಕೊಟ್ಟು ಎಂ.ಆರ್.ಐ. ಮಾಡಿಸಿದರೆ ನೋವಿಲ್ಲದವರಲ್ಲೂ ಕಾಣುವ ಸವೆತವನ್ನೇ ಅದು ತೋರಿಸಿ ಹೆದರಿಸೀತು. ಸ್ನಾಯುವಿನ ಗಂಟಿಗೆ ಔಷಧವಿಲ್ಲದ ಒಣ ಸೂಜಿ ಚುಚ್ಚುವ ಅಥವಾ ಮರಗಟ್ಟಿಸುವ ಔಷಧ ಕೊಡುವ ಚಿಕಿತ್ಸೆಗಳ ಮಾತು ಬರುವುದೂ ಆ ಹಂತದಲ್ಲೇ. ಕೆಲವರಿಗೆ ಅದರಿಂದ ಬೇಗ ಬಿಡುಗಡೆ ಸಿಗುತ್ತದೆ. ಆದರೆ ಈ ಸ್ನಾಯುಗಳ ಕೆಳಗೆ ಪಕ್ಕೆಲುಬು, ಪಕ್ಕೆಲುಬಿನ ಕೆಳಗೆ ಶ್ವಾಸಕೋಶ. ಸೂಜಿ ಆಳಕ್ಕಿಳಿದರೆ ಶ್ವಾಸಕೋಶಕ್ಕೆ ತೂತಾಗುವ ಅಪಾಯವಿದೆ. ಚುಚ್ಚುವವರು ಇದಕ್ಕೆಂದು ತರಬೇತಿ ಪಡೆದವರೇ, ಬೆನ್ನಿನ ಈ ಭಾಗಕ್ಕೆ ಎಷ್ಟು ಸಲ ಚುಚ್ಚಿದ್ದಾರೆ, ಆಮೇಲೆ ಉಸಿರು ಕಟ್ಟಿದರೆ ಯಾರಿಗೆ ಕರೆ ಮಾಡಬೇಕು ಎಂಬ ಮೂರನ್ನೂ ಕೇಳಿಯೇ ಮಂಚದ ಮೇಲೆ ಮಲಗಿರಿ.